ಮೂರನೆಯ ಸಲ ಕೇಳಿದಾಗ

ಇಸ್ಫಹಾನಿನ ದೊಡ್ಡ ಬಜಾರಿನಲ್ಲಿ ಹಶ್ಮತ್ ಉಸ್ತಾದರಿಗೆ ದಿನಕ್ಕೆ ಐವತ್ತು ಸಲವಾದರೂ ಯಾರಾದರೊಬ್ಬರು ‘ನಿಮ್ಮ ಕೈ ನೋಯದಿರಲಿ’ ಎನ್ನುತ್ತಿದ್ದರು. ಉಪಕಾರ ಮಾಡಿದವರಿಗೆ ನಾವು ಹೇಳುವ ಮಾತೇ ಅದು. ಚಹಾ ತಂದುಕೊಟ್ಟವನಿಗೂ ಅದೇ, ದಾರಿ ತೋರಿಸಿದವನಿಗೂ ಅದೇ. ಉಸ್ತಾದರು ಎಡಗೈಯನ್ನು ಎದೆಯ ಮೇಲಿಟ್ಟು, ತುಸು ಬಾಗಿ, ‘ನಿಮ್ಮ ತಲೆ ನೋಯದಿರಲಿ’ ಎಂದು ಮರುಮಾತು ಹೇಳುತ್ತಿದ್ದರು. ಬಲಗೈ ಇರುವಾಗ ಎಡಗೈಯನ್ನೇಕೆ ಎತ್ತುತ್ತಾರೆ ಎಂದು ಒಂಬತ್ತು ವರ್ಷದಲ್ಲಿ ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ. ಬಲಗೈ ಅಷ್ಟು ಎತ್ತರಕ್ಕೆ ಏಳುತ್ತಿರಲಿಲ್ಲ.

ಅವರದು ಬಟ್ಟೆಗೆ ಅಚ್ಚು ಹಾಕುವ ಕಸುಬು. ಮರಸೇಬಿನ ಮರದಲ್ಲಿ ಕೆತ್ತಿದ ಅಚ್ಚನ್ನು ಬಣ್ಣದ ಮೆತ್ತೆಗೆ ಒತ್ತಿ, ಬಟ್ಟೆಯ ಮೇಲಿಟ್ಟು, ಅದರ ಬೆನ್ನಿಗೆ ಕೈಯಂಚಿನಿಂದ ಗುದ್ದಬೇಕು. ಒಂದು ಹೂವಿಗೆ ಕಪ್ಪು, ಕೆಂಪು, ನೀಲಿ, ಹಳದಿ ಎಂದು ನಾಲ್ಕು ಅಚ್ಚು, ನಾಲ್ಕು ಗುದ್ದು. ಊಟಕ್ಕೆ ಹಾಸುವ ಒಂದು ಬಟ್ಟೆ ಮುಗಿಯುವಷ್ಟರಲ್ಲಿ ಗುದ್ದು ಸಾವಿರ ದಾಟಿರುತ್ತದೆ. ಹದಿನಾಲ್ಕನೆಯ ವಯಸ್ಸಿಗೆ ಗುದ್ದಲು ಶುರು ಮಾಡಿದವರು ಐವತ್ತೆಂಟಾದರೂ ಗುದ್ದುತ್ತಲೇ ಇದ್ದರು. ಅವರ ಅಚ್ಚು ಒಂದು ಕೂದಲೆಳೆಯಷ್ಟೂ ಜರುಗುತ್ತಿರಲಿಲ್ಲ. ಪಕ್ಕದ ಅಂಗಡಿಯ ಹಾಜಿ ಗೊದ್ರತ್ ಮಾತಿಗೆ ಮುಂಚೆ ಎಲ್ಲರನ್ನೂ ಹೀಗಳೆಯುವ ಮನುಷ್ಯ. ಅಂಥವನೇ ಹಶ್ಮತರ ಬಟ್ಟೆಯನ್ನು ತಿರುವಿ ಹಾಕಿ, “ಈ ಮನುಷ್ಯ ಹುಟ್ಟೋವಾಗ್ಲೇ ಗೆರೆ ಎಳ್ಕೊಂಡು ಹುಟ್ಟಿದಾನೆ” ಎನ್ನುತ್ತಿದ್ದ.

ಒಂಬತ್ತು ವರ್ಷದ ಹಿಂದೆ ಗುದ್ದುವ ಆ ಬಲಗೈಯ ನರಕ್ಕೆ ಪೆಟ್ಟಾಯಿತು. ಆಪರೇಷನ್ ಮಾಡಿದರು. ಆಮೇಲೆ ನೋವು ಹೋಗುವ ಬದಲು ರೂಪ ಬದಲಿಸಿತು. ಮೊದಲು ಜುಮ್ಮೆನ್ನುತ್ತಿದ್ದದ್ದು ಈಗ ಉರಿಯಾಯಿತು. ಮಣಿಕಟ್ಟಿನಿಂದ ಹತ್ತಿ ಭುಜದವರೆಗೆ ಹೋಗುವ ಉರಿ. ಅಂಗಿಯ ತೋಳು ತಗುಲಿದರೂ ಜೀವ ಹೋದಂತಾಗುತ್ತಿತ್ತು. ಉಸ್ತಾದರು ಆ ಕೈಯಲ್ಲೇ ಅಚ್ಚು ಹಾಕುತ್ತಿದ್ದರು, ಮತ್ತು ಒಬ್ಬರಿಗೂ ಹೇಳಲಿಲ್ಲ.

ಹೇಳದೇ ಇದ್ದದ್ದು ಹೆದರಿ ಅಲ್ಲ. ಹಶ್ಮತರಷ್ಟು ಉಪಚಾರದ ಮನುಷ್ಯ ನಮ್ಮೂರಲ್ಲೇ ಇನ್ನೊಬ್ಬರಿಲ್ಲ, ಉಪಚಾರಕ್ಕೇ ಹೆಸರಾದ ಊರಲ್ಲಿ! ಹೇಗಿದ್ದೀರಿ ಎಂದು ಕೇಳಿದವನ ಮುಂದೆ ನನಗೆ ನೋವು ಎಂದರೆ ಅವನ ತಲೆಯ ಮೇಲೆ ಮೂಟೆ ಹೊರಿಸಿದಂತಲ್ಲವೇ? ಅದು ಮರ್ಯಾದೆಯೇ? ಒಮ್ಮೆ ಅವರೂ ಹಾಜಿ ಗೊದ್ರತನೂ ಬಜಾರಿನ ಬಾಗಿಲಲ್ಲಿ ‘ಮೊದಲು ನೀವು’, ‘ಛೆ ಛೆ, ಮೊದಲು ನೀವು’ ಎನ್ನುತ್ತ ಎಷ್ಟು ಹೊತ್ತು ನಿಂತರೆಂದರೆ, ಹಿಂದೆ ಗಾಡಿ ತಳ್ಳಿಕೊಂಡು ಬಂದ ಹಮಾಲಿ ಇಬ್ಬರನ್ನೂ ಒಂದೇ ಸಲ ಒಳಗೆ ನೂಕಿಬಿಟ್ಟ.

ಬಜಾರಿನಲ್ಲಿ ನಡೆದದ್ದು ಮನೆಯಲ್ಲಿ ನಡೆಯಲಿಲ್ಲ. ಅವರ ಹೆಂಡತಿ ಅಕ್ದಸ್ ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿದವರು. ಮಕ್ಕಳಾಗಲಿಲ್ಲ. ಇಬ್ಬರೇ ಇದ್ದ ಮನೆಯಲ್ಲಿ ಮಾತು, ನಗು, ಜಗಳ ಎಲ್ಲ ಇಬ್ಬರದೇ ಆಗಿತ್ತು. ಆಪರೇಷನ್ನಿನ ಗಾಯ ಮಾಯ್ದ ಮೇಲೆ ‘ಈಗ ಹೇಗಿದೆ?’ ಎಂದು ಆಕೆ ಕೇಳಿದ್ದಕ್ಕೆ ಉಸ್ತಾದರು ‘ಪೂರ್ತಿ ವಾಸಿ, ದೇವರು ದೊಡ್ಡವನು’ ಎಂದಿದ್ದರು. ಆಕೆ ನಂಬಿದರು. ಯಾಕೆ ನಂಬಬಾರದು? ಆಮೇಲೆ ನೋಡಿದರೆ, ಗಂಡ ಆಕೆಯ ಕೈಯಿಂದ ಚಹಾದ ಲೋಟ ತೆಗೆದುಕೊಳ್ಳುವುದನ್ನು ಬಿಟ್ಟರು. “ಅಲ್ಲೇ ಇಡು” ಎನ್ನುತ್ತಿದ್ದರು. ಮಗ್ಗುಲಲ್ಲಿ ಯಾರಾದರೂ ಹೊರಳಿದರೆ ಕೈಗೆ ತಗುಲುತ್ತದೆಂದು ಹಾಸಿಗೆಯನ್ನು ಮುಂದಿನ ಕೋಣೆಗೆ ಒಯ್ದರು. ಹೆಂಡತಿಗೆ ಹೇಳಿದ್ದು “ನನ್ನ ಗೊರಕೆಯಿಂದ ನಿಂಗ್ಯಾಕೆ ತೊಂದ್ರೆ” ಎಂದು. ನಡೆಯುವಾಗ ಆಕೆ ಬಲಕ್ಕೆ ಬಂದರೆ ಇವರು ಸರಿದು ಎಡಕ್ಕೆ ಹೋಗುತ್ತಿದ್ದರು. ಗಣಿತದ ಮೇಡಮ್ಮು ಒಂದಕ್ಕೊಂದು ಕೂಡಿಸಿ ಉತ್ತರ ತೆಗೆದರು. ಗಂಡನಿಗೆ ತಾನು ಬೇಡವಾಗಿದ್ದೇನೆ.

ಹೀಗೆ ಒಂಬತ್ತನೆಯ ವರ್ಷ ನಡೆಯುತ್ತಿದ್ದಾಗ, ಶರತ್ಕಾಲದ ಒಂದು ಮಧ್ಯಾಹ್ನ ಅಕ್ದಸ್ ದಾಳಿಂಬೆ ಬಿಡಿಸುತ್ತ ಕೂತಿದ್ದರು. ತಲೆ ಎತ್ತದೆ ಹೇಳಿದರು:

“ಹೊಸ ವರ್ಷದ ಹಬ್ಬ ಮುಗೀಲಿ. ಹದಿನಾಲ್ಕನೇ ದಿನ ನಾನು ಕಾಶಾನ್‌ಗೆ ಹೋಗ್ತೀನಿ, ಅಕ್ಕನ ಮನೆಗೆ. ವಾಪಸ್ ಬರೋ ಯೋಚ್ನೆ ಇಲ್ಲ.”

ಹೋಗಬೇಡ ಎನ್ನಬೇಕೆಂದುಕೊಂಡರು ಉಸ್ತಾದರು. ಆದರೆ ಆ ದಿನ ಬೆಳಿಗ್ಗೆಯಿಂದ ಕೈ ಕೆಂಡವಾಗಿತ್ತು. ಬಾಯಿಗೆ ಬಂದದ್ದು ನಲವತ್ತು ವರ್ಷದಿಂದ ಅಭ್ಯಾಸವಾಗಿದ್ದ ಮಾತು.

“ನಿನ್ನಿಷ್ಟ ಖಾನುಮ್. ಅಕ್ಕನಿಗೆ ನನ್ನ ಸಲಾಂ ಹೇಳು.”

ನಮ್ಮಲ್ಲಿ ಊಟ ಮಾಡಿ ಎದ್ದ ನೆಂಟನನ್ನೂ ಬಾಗಿಲಲ್ಲಿ ಮೂರು ಸಲ ತಡೆಯುತ್ತಾರೆ. ಈ ಮನುಷ್ಯ ಹೆಂಡತಿಯನ್ನು ಒಂದು ಸಲವೂ ತಡೆಯಲಿಲ್ಲ. ಅಕ್ದಸ್ ದಾಳಿಂಬೆಯ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದರು. ಉಸ್ತಾದರು ಅಲ್ಲೇ ಕೂತು ತಮ್ಮ ಬಾಯಿಯನ್ನು ತಾವೇ ಶಪಿಸಿಕೊಂಡರು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ ಎನ್ನುವ ಮಾತಿದೆಯಲ್ಲ, ಅಂಥ ಇಕ್ಕಟ್ಟು. ವಸಂತದ ಮೊದಲ ದಿನ ಶುರುವಾಗಿ ಹದಿಮೂರು ದಿನ ನಡೆಯುವ ಹಬ್ಬಕ್ಕೆ ಇನ್ನು ಐದು ತಿಂಗಳಿತ್ತು.

ಮಾರನೆಯ ದಿನವೇ ಅವರು ಮೂಳೆ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಹಳೆಯ ಎಕ್ಸ್‌ರೇ ಚಿತ್ರಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿ, “ಉಸ್ತಾದ್, ಇನ್ನು ಕೊಯ್ಯೋಕೆ ಏನೂ ಉಳಿದಿಲ್ಲ. ಈ ನೋವು ಹೋಗಲ್ಲ. ಇದರ ಜೊತೆ ಬದುಕೋದನ್ನ ಕಲಿಸೋರು ಬೇರೆ ಇದಾರೆ. ಮನಸ್ಸಿನ ಡಾಕ್ಟ್ರು” ಎಂದರು.

ಕೆಟ್ಟಿರೋದು ಕೈ, ತಲೆ ಅಲ್ಲ ಎಂದು ಉಸ್ತಾದರಿಗೆ ಸಿಟ್ಟು ಬಂತು. ಬಾಯಲ್ಲಿ ಮಾತ್ರ “ನಿಮ್ಮ ಮಾತು ನನ್ನ ಕಣ್ಣ ಮೇಲೆ” ಎಂದರು. ಎಂದ ಮೇಲೆ ನಡೆಸದಿದ್ದರೆ ಹೇಗೆ? ಹೋದರು.

ಮೊದಲನೆಯವನು ಬರ್ದಿಯಾ ಎಂಬ ಎಳೆಯ ಡಾಕ್ಟರು. ಮೀಸೆ ಆಗಷ್ಟೇ ದಟ್ಟವಾಗುತ್ತಿತ್ತು. ಉಸ್ತಾದರು ಒಂದು ಡಬ್ಬಿ ಗಜ್ ಮಿಠಾಯಿ ಮೇಜಿನ ಮೇಲಿಟ್ಟು, “ನಿಮ್ಮಂಥೋರ ಹೊತ್ತು ಹಾಳು ಮಾಡೋಕೆ ಬಂದೆ, ಕ್ಷಮಿಸ್ಬೇಕು. ತಾಯಿಯವ್ರು ಆರೋಗ್ಯವಾಗಿದಾರಾ?” ಎಂದರು. ಹಿರಿಯರು ಕೇಳಿದಾಗ ಉತ್ತರ ಕೊಡದಿರುವುದನ್ನು ಆ ಹುಡುಗನಿಗೆ ಯಾರೂ ಕಲಿಸಿರಲಿಲ್ಲ. ತಾಯಿಗೆ ಸಕ್ಕರೆ ಕಾಯಿಲೆ ಎಂದ. ಯಾವ ಔಷಧಿ, ಯಾವ ಪಥ್ಯ, ತಂಗಿಗೆ ಗಂಡು ನೋಡುವುದು ಎಲ್ಲಿಗೆ ಬಂತು, ಎಲ್ಲ ಮಾತಾಯಿತು. ಕೊನೆಗೆ ಬರ್ದಿಯಾನ ಕಣ್ಣು ಒದ್ದೆಯಾಗಿತ್ತು, ಗಂಟೆ ಮುಗಿದಿತ್ತು. ಉಸ್ತಾದರು ಎದ್ದು, ನಿಮ್ಮ ಕೈ ನೋಯದಿರಲಿ ಎಂದು ಹರಸಿ ಬಂದರು. “ಒಳ್ಳೇ ಹುಡ್ಗ, ಪಾಪ, ತುಂಬ ಹೊತ್ಕೊಂಡಿದಾನೆ” ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು.

ಎರಡನೆಯದು ಗುಂಪು. ವರ್ಷಗಟ್ಟಲೆ ನೋವಿನಿಂದ ನರಳುವ ಒಂಬತ್ತು ಜನರನ್ನು ಸುತ್ತ ಕೂರಿಸಿ ಮಾತಾಡಿಸುತ್ತಾರಂತೆ. ನಡೆಸುವಾಕೆ ಟೆಹರಾನಿನವಳು, ನಮ್ಮ ಜನ ಗೊತ್ತಿಲ್ಲ. “ಯಾರು ಮೊದಲು ಶುರು ಮಾಡ್ತೀರಿ?” ಎಂದು ಕೇಳಿಬಿಟ್ಟಳು.

ಒಂಬತ್ತು ಇಸ್ಫಹಾನಿಗಳು!

“ನೀವು ಹಿರಿಯರು, ನೀವು ಹೇಳಿ.”

“ಅಯ್ಯೋ, ನಾನೇನು. ಈ ತಾಯಿ ಮೊಣಕಾಲು ನೋಡಿ, ಅವ್ರು ಹೇಳ್ಲಿ.”

“ನಂದೇನು ನೋವು ಅಂತ, ನಿಮ್ಮ ನೋವಿನ ಮುಂದೆ ಇದು ಧೂಳು!”

“ಹಶ್ಮತ್ ಉಸ್ತಾದ್ ಇರೋವಾಗ ನಾವು ಬಾಯಿ ಬಿಟ್ರೆ ಚೆನ್ನಾಗಿರಲ್ಲ.”

ಉಸ್ತಾದರು ಎದ್ದು ನಿಂತು, ಎಡಗೈ ಎದೆಗಿಟ್ಟು, ಮೂಲೆಯಲ್ಲಿದ್ದ ಯುವಕನಿಗೆ ಸರದಿ ಬಿಟ್ಟುಕೊಟ್ಟರು. ಯುವಕ ಇನ್ನೂ ಕೆಳಗೆ ಬಾಗಿ ಪಕ್ಕದವರಿಗೆ ಬಿಟ್ಟುಕೊಟ್ಟ. ಸುತ್ತು ಮೂರು ಸಲ ತಿರುಗಿ ಗಂಟೆ ಮುಗಿಯಿತು. ಟೆಹರಾನಿನವಳು ತಲೆ ಹಿಡಿದುಕೊಂಡು ಹೊರಗೆ ಹೋದಳು. ಅವಳ ತಲೆ ನೋಯದಿರಲಿ ಎಂದು ಎಲ್ಲರೂ ಮನಸಾರೆ ಹಾರೈಸಿದರು.

ಮೆಟ್ಟಿಲಿಳಿಯುವಾಗ ಮೊಣಕಾಲಿನ ತಾಯಿ ಉಸ್ತಾದರನ್ನು ಪಕ್ಕಕ್ಕೆ ಕರೆದಳು. “ಮಗಾ, ಇಲ್ಲಿಗೆ ನಾನು ಹೊತ್ತು ಕಳೆಯೋಕೆ ಬರ್ತೀನಿ. ನಿಜವಾಗ್ಲೂ ಬೇಕು ಅಂದ್ರೆ ನದಿ ಆಚೆ ಡಾಕ್ಟರ್ ತಾಬಂದೆ ಅಂತ ಇದಾಳೆ. ಅವಳ ಹತ್ರ ನಮ್ಮ ಆಟ ನಡೆಯಲ್ಲ. ನನ್ನನ್ನ ಅಳಿಸ್ಬಿಟ್ಲು, ದೇವ್ರು ಅವಳನ್ನ ಚೆನ್ನಾಗಿಟ್ಟಿರ್ಲಿ.”

ನದಿ ಎನ್ನುವುದು ಹೆಸರಿಗೆ. ಅಣೆಕಟ್ಟಿನಿಂದ ನೀರು ಬಿಟ್ಟ ವಾರ ಹಬ್ಬ, ಮಿಕ್ಕಂತೆ ಒಣ ಮರಳು. ಉಸ್ತಾದರ ಎಳವೆಯಲ್ಲಿ ಅಚ್ಚು ಹಾಕಿದ ಬಟ್ಟೆಗಳನ್ನು ಅಲ್ಲೇ ತೊಳೆಯುತ್ತಿದ್ದರು. ಸೇತುವೆ ದಾಟಿ ತಾಬಂದೆಯ ಮನೆ ಹುಡುಕಿದರು. ಅಗಲ ಮುಖದ, ದಪ್ಪ ಕನ್ನಡಕದ, ಐವತ್ತರ ಹೆಂಗಸು. ಮೂಳೆ ಡಾಕ್ಟರ ಚೀಟಿ ಓದಿ ಮಡಿಸಿಟ್ಟು, ಮಿಠಾಯಿ ಡಬ್ಬಿಯನ್ನು ತೆಗೆದುಕೊಂಡು, ಅಲ್ಲೇ ಬಿಚ್ಚಿ, ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಉಸ್ತಾದರಿಗೆ ಅಚ್ಚರಿಯಾಯಿತು, ಬೇಡ ಎಂದು ಒಮ್ಮೆಯಾದರೂ ಹೇಳಬಾರದಿತ್ತೇ?

“ತಾಯಿಯವ್ರು ಹೇಗಿದಾರೆ ಡಾಕ್ಟ್ರಮ್ಮ?”

“ತೀರ್ಕೊಂಡು ಹನ್ನೊಂದು ವರ್ಷ ಆಯ್ತು. ಉಸ್ತಾದ್, ಒಂದು ಮಾತು. ನಿಮ್ಮ ಮನೆಗೆ ನಾನು ಬಂದ್ರೆ ಚಹಾ ಎಷ್ಟು ಸಲ ಕೇಳ್ತೀರಿ?”

ಈ ಪ್ರಶ್ನೆಗೆ ಉಸ್ತಾದರ ಮುಖ ಅರಳಿತು. “ಮೂರು ಸಲ. ಅದೇನು ಕೇಳೋ ಮಾತಾ?”

“ಮೊದಲ್ನೇ ಸಲ ನಾನು ಬೇಡ ಅಂತೀನಿ.”

“ಅನ್ಲೇಬೇಕು. ಮರ್ಯಾದೆ ಅದು.”

“ಎರಡನೇ ಸಲ?”

“ತೊಂದ್ರೆ ತಗೋಬೇಡಿ ಅಂತೀರಿ.”

“ಮೂರನೇ ಸಲಾನೂ ಸುಮ್ನೆ ಬಾಯಿಮಾತಿಗೆ ಬೇಡ ಅಂದು, ಒಳಗೆ ಗಂಟಲು ಒಣಗಿಸ್ಕೊಂಡು ಕೂತ್ರೆ?”

“ಛೇ!” ಉಸ್ತಾದರು ಕುರ್ಚಿಯಲ್ಲಿ ನೆಟ್ಟಗಾದರು. “ಮೂರನೇ ಸಲ ಯಾರಾದ್ರೂ ಸುಳ್ಳು ಹೇಳ್ತಾರಾ? ಅದು ಕೇಳ್ದೋರಿಗೆ ಮಾಡೋ ಅವಮಾನ. ಮನೆಯೋರನ್ನ ಪರಕೀಯರು ಮಾಡ್ದಂಗೆ.”

“ಸರಿ” ಎಂದಳು ತಾಬಂದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ನಿಮ್ಮ ಕೈ ಹೇಗಿದೆ, ಉಸ್ತಾದ್?”

“ದೇವರ ದಯೆ, ಚೆನ್ನಾಗಿದೆ.”

“ಕೈ ಹೇಗಿದೆ?”

“ನಿಮ್ಮಂಥೋರ ನೆರಳಲ್ಲಿ... ಹೇಳೋವಷ್ಟೇನಿಲ್ಲ.”

“ಕೈ ಹೇಗಿದೆ?”

ಬಲೆಗೆ ಬಿದ್ದದ್ದು ಅವರಿಗೆ ಆಗ ತಿಳಿಯಿತು. ಎದ್ದು ಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು. ಆದರೆ ನಲವತ್ತು ವರ್ಷ ಒಂದು ಗೆರೆ ತಪ್ಪದೆ ಅಚ್ಚು ಹಾಕಿದ ಮನುಷ್ಯ, ತಾನೇ ಹೇಳಿದ ನೇಮ ತಪ್ಪುವುದುಂಟೇ? ಬಲಗೈಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು.

“ಉರೀತದೆ ಡಾಕ್ಟ್ರಮ್ಮ. ಹಗ್ಲೂ ಉರೀತದೆ, ರಾತ್ರೀನೂ ಉರೀತದೆ. ಕತ್ತರಿಸಿ ಬಿಸಾಕೋಣ ಅನ್ಸತ್ತೆ. ಹೆಂಡ್ತಿ ಹತ್ರ ಬಂದ್ರೆ ಎಲ್ಲಿ ಮುಟ್ತಾಳೋ ಅಂತ ಹೆದ್ರಿ ಓಡ್ತೀನಿ. ನಂಗೆ... ನಂಗೆ ಸಾಕಾಗ್ಹೋಗಿದೆ.”

ಆ ದೊಡ್ಡ ಮನುಷ್ಯ ಮಗುವಿನ ಹಾಗೆ ಅತ್ತರು. ನನ್ನ ಕಣ್ಣಲ್ಲಿ ಅವರ ಜೀವನದ ಅತಿ ಕಷ್ಟದ ಕೆಲಸ ಅದೇ. ನಾಲ್ಕು ಬಣ್ಣವನ್ನು ಒಂದೇ ಗೆರೆಯೊಳಗೆ ಕೂರಿಸುವುದಕ್ಕೆ ಕೈ ಪಳಗಿದರೆ ಸಾಕು. ನೋವು ಎಂಬ ಎರಡಕ್ಷರವನ್ನು ಹೊರಗೆ ತರಲು ಐವತ್ತೆಂಟು ವರ್ಷದ ಮರ್ಯಾದೆಯನ್ನೇ ಪಕ್ಕಕ್ಕಿಡಬೇಕಿತ್ತು, ಅವರು ಇಟ್ಟರು.

ಅಲ್ಲಿಂದ ಪ್ರತಿ ಮಂಗಳವಾರ ಸೇತುವೆ ದಾಟಿದರು. ತಾಬಂದೆ ಪವಾಡ ಮಾಡಲಿಲ್ಲ. ನೋವು ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಉರಿ ಏರುವಾಗ ಹಲ್ಲು ಕಚ್ಚುವ ಬದಲು ಉಸಿರನ್ನು ನಿಧಾನ ಬಿಡುವುದನ್ನು ಕಲಿಸಿದಳು. ನೋವು ಬಂದಾಗಲೆಲ್ಲ ‘ಇನ್ನು ನನ್ನ ಕಥೆ ಮುಗೀತು’ ಎಂದು ಮನಸ್ಸು ಓಡುವುದನ್ನು ಹಿಡಿದು ತೋರಿಸಿದಳು. ಎಲ್ಲಕ್ಕಿಂತ ಕಷ್ಟವಾದದ್ದು ಒಂದು ಸಣ್ಣ ಆಜ್ಞೆ: ಇಪ್ಪತ್ತು ಗುದ್ದಾದ ಮೇಲೆ ಕೈ ನಿಲ್ಲಿಸಬೇಕು, ನೋವಿರಲಿ ಇಲ್ಲದಿರಲಿ.

“ಸಾಲು ಅರ್ಧಕ್ಕೆ ಬಿಡ್ಬೇಕಾ?” ಉಸ್ತಾದರು ಬೆಚ್ಚಿಬಿದ್ದರು. “ಡಾಕ್ಟ್ರಮ್ಮ, ಸಾಲು ಅರ್ಧಕ್ಕೆ ಬಿಟ್ಟೋನು ಅಚ್ಚಿನೋನೇ ಅಲ್ಲ. ಮೆತ್ತೇಲಿ ಬಣ್ಣ ಒಣಗಿ, ಮುಂದಿನ ಹೂವು ಮಂಕಾಗತ್ತೆ.”

“ಮಂಕಾಗ್ಲಿ.”

ಒಂದು ವಾರ ಅವರು ಸುಳ್ಳು ಹೇಳಿದರು. ಎರಡನೆಯ ವಾರ ನಿಜವಾಗಿಯೂ ನಿಲ್ಲಿಸಿದರು. ಅರ್ಧ ಸಾಲಿನ ಮುಂದೆ ಅಚ್ಚು ಕೆಳಗಿಟ್ಟು ಕೂತ ಉಸ್ತಾದರನ್ನು ನೋಡಿ ಹಾಜಿ ಗೊದ್ರತ್ ಓಡಿಬಂದ.

“ಏನಾಯ್ತೋ? ಸತ್ತೋದ್ಯೇನೋ?”

“ಇಲ್ಲ. ಕೈ ನೋಯ್ತದೆ.”

ಹಾಜಿ ಗೇಲಿ ಮಾಡಲಿಲ್ಲ. ಒಳಗೆ ಹೋಗಿ ತನ್ನ ಅಂಗಡಿಯ ಮೆತ್ತನೆಯ ದಿಂಬು ತಂದು ಉಸ್ತಾದರ ಮೊಣಕೈಯಡಿಗೆ ಇಟ್ಟು, ಗೊಣಗುತ್ತ ಹೋದ. ಮಂಕಾದ ಹೂವುಗಳ ಬಗ್ಗೆ ಆಮೇಲೆ ಒಂದು ತಿಂಗಳು ಕಾಡಿದ, ಅದು ಬೇರೆ ಮಾತು.

ಹಾಜಿಗೆ ಹೇಳಲು ಬಂದದ್ದು ಹೆಂಡತಿಗೆ ಹೇಳಲು ಬರಲಿಲ್ಲ. ಪ್ರತಿ ಮಂಗಳವಾರ ತಾಬಂದೆ ಕೇಳುತ್ತಿದ್ದಳು. “ಮನೇಲಿ ಹೇಳಿದ್ರಾ?” ಇಲ್ಲ. ಒಂಬತ್ತು ವರ್ಷ ಮುಚ್ಚಿಟ್ಟದ್ದನ್ನು ಈಗ ತೆರೆದರೆ ಒಂಬತ್ತು ವರ್ಷದ ಸುಳ್ಳೂ ಹೊರಗೆ ಬರುತ್ತದಲ್ಲ? ಅಕ್ದಸ್ ಕೇಳಿದ್ದರೆ ಹೇಳುತ್ತಿದ್ದರೇನೋ. ಆಕೆ ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಹಬ್ಬ ಬಂತು. ನೆಂಟರು ಬಂದು ಹೋದರು, ಇವರಿಬ್ಬರೂ ನೆಂಟರ ಮನೆಗೆ ಹೋಗಿ ಬಂದರು, ಜೋಡಿಯಾಗಿ ಕೂತು ನಕ್ಕರು. ಹದಿಮೂರನೆಯ ದಿನ ಎಲ್ಲರ ಹಾಗೆ ಊರಾಚೆ ಹೋಗಿ ಹುಲ್ಲಿನ ಮೇಲೆ ಊಟ ಮಾಡಿ ಬಂದರು. ಹದಿನಾಲ್ಕನೆಯ ದಿನ ಬೆಳಿಗ್ಗೆ ಅಕ್ದಸ್ ಚೀಲ ಕಟ್ಟಿ ಪಡಸಾಲೆಯಲ್ಲಿ ಇಟ್ಟರು. ಬಸ್ಸು ಹತ್ತೂವರೆಗೆ.

ಉಸ್ತಾದರು ಎದ್ದು ಬಂದು ಚೀಲಕ್ಕೆ ಕೈ ಹಾಕಿದರು, ಎಡಗೈ. ಭಾರಕ್ಕೆ ಮೈ ಒಂದು ಕಡೆ ವಾಲಿತು.

ಅಕ್ದಸ್ ನಕ್ಕರು, ಕಹಿಯಾಗಿ. “ನನ್ನ ಸಾಮಾನು ಹೊರೋಕೂ ಎಡಗೈಯೇ. ಬಲಗೈಗೆ ನಾನು ಅಷ್ಟು ಮೈಲಿಗೆಯಾದ್ನೇನ್ರೀ?”

ಉಸ್ತಾದರು ಚೀಲ ಕೆಳಗಿಟ್ಟರು.

“ಬಲಗೈಲಿ ಆಗಲ್ಲ. ಎತ್ತೋಕಾಗಲ್ಲ. ವಾಸಿ ಆಗ್ಲೇ ಇಲ್ಲ ಅದು. ಒಂಬತ್ತು ವರ್ಷದಿಂದ ಉರೀತಾನೇ ಇದೆ. ನಿನ್ನ ಕೈಯಿಂದ ಲೋಟ ತಗೊಂಡ್ರೆ ಬಿದ್ದೋಗತ್ತೆ. ಪಕ್ಕದಲ್ಲಿ ಮಲಗಿದ್ರೆ ನೀನು ಹೊರಳಿದಾಗ ಜೀವ ಹೋಗತ್ತೆ. ಗೊರಕೆ ಗಿರಕೆ ಎಲ್ಲ ಸುಳ್ಳು. ಹೋಗ್ಬೇಡ ಅನ್ಬೇಕಿತ್ತು ಅವತ್ತು. ಅನ್ನಲಿಲ್ಲ. ಹೋಗ್ಬೇಡ.”

ಅಕ್ದಸ್ ಗೋಡೆಗೆ ಕೈ ಊರಿಕೊಂಡರು. ಆಮೇಲೆ ಹೇಳಿದ್ದು ಕನಿಕರದ ಮಾತಲ್ಲ.

“ಒಂಬತ್ತು ವರ್ಷ! ಕನ್ನಡಿ ಮುಂದೆ ನಿಂತು ನನ್ನಲ್ಲೇನು ಕೊಳೀತು ಅಂತ ಹುಡುಕಿದೀನಿ ನಾನು. ಪರಕೀಯಳಾ ನಾನು? ಬಜಾರಿನೋಳಾ? ನಂಗೆ ನಿಮ್ಮ ಉಪಚಾರ ಬೇಕಿತ್ತಾ? ಆ ಒಂಬತ್ತು ವರ್ಷ ವಾಪಸ್ ಕೊಡಿ ನಂಗೆ!”

ಹಶ್ಮತ್ ಉಸ್ತಾದರು ತಲೆ ತಗ್ಗಿಸಿ ಬಾಗಿಲ ಮೆಟ್ಟಿಲ ಮೇಲೆ ಕೂತರು. ಆಕೆ ಬೈದರು, ಅತ್ತರು, ಮತ್ತೆ ಬೈದರು. ಹತ್ತು ಗಂಟೆಯಾಯಿತು. ಕೊನೆಗೆ ಮುಸುಕಿನ ಅಂಚಿನಿಂದ ಮೂಗೊರೆಸಿಕೊಂಡು ಅವರ ಬಲಗಡೆಗೆ ಬಂದು ಕೂತರು. ಉಸ್ತಾದರು ಅಭ್ಯಾಸಬಲದಿಂದ ಸರಿಯಲು ಹೋದವರು ಸರಿಯದೆ ಕೂತರು.

“ಎಲ್ಲಿ ಹಿಡಿದ್ರೆ ಕಡಿಮೆ ನೋಯತ್ತೆ?”

ಅವರು ಮೊಣಕೈಗಿಂತ ಮೇಲೆ, ಒಳಭಾಗದಲ್ಲಿ ಒಂದು ಜಾಗ ತೋರಿಸಿದರು. ಅಕ್ದಸ್ ಅಲ್ಲಿ ಅಂಗೈ ಇಟ್ಟರು, ಹಿಟ್ಟು ಹದವಾಯಿತೇ ಎಂದು ನೋಡುವವರ ಹಾಗೆ ಹಗುರಾಗಿ.

“ನೋಯ್ತಾ?”

“ನೋಯ್ತದೆ” ಎಂದರು ಉಸ್ತಾದರು. “ತೆಗೀಬೇಡ.”

ಆಕೆ ತೆಗೆಯಲಿಲ್ಲ. ಕಾಶಾನಿನ ಬಸ್ಸು ಹತ್ತೂವರೆಗೆ ಹೊರಟುಹೋಯಿತು.